ಬೆರಕಿ

2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡಾಕ್ಟರುಗಳು ಸಾವಿನ ಅಂಚಿನಲ್ಲಿದ್ದ ಒಬ್ಬ ಮನುಷ್ಯನ ಎದೆಯೊಳಗೆ ಹಂದಿಯ ಹೃದಯ ಕೂಡಿಸಿ ಹೊಲಿದರು. ಆ ಸುದ್ದಿಯ ಪೇಪರು ಮೂಡಲಗಿಯಲ್ಲಿ ನಾನು ವಿಜ್ಞಾನ ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಬಹಳ ದಿನ ಬಿದ್ದಿತ್ತು. ಅದು ಊರಾಗ ತಿರುಗಾಡುವ ಹಂದಿಯಲ್ಲ. ಅದರ ವಂಶವಾಹಿಗಳಲ್ಲಿ, ಅಂದರೆ ಜೀನುಗಳಲ್ಲಿ, ಹತ್ತು ಕಡೆ ಕೈ ಆಡಿಸಿದ್ದರು. ಮನುಷ್ಯನ ಮೈ ಅದನ್ನು ಪರಕೀಯ ಎಂದು ಒದ್ದು ಹೊರಗೆ ಹಾಕದಿರಲಿ ಎಂದು ಹಂದಿಯ ಮೂರು ಜೀನು ಬಂದ್ ಮಾಡಿದ್ದರು. ಹೃದಯ ಎದೆಗೂಡು ಮೀರಿ ಬೆಳೆಯದಿರಲಿ ಎಂದು ಇನ್ನೊಂದನ್ನು ಕಟ್ಟಿಹಾಕಿದ್ದರು. ಮೇಲೆ ಮನುಷ್ಯನ ಆರು ಜೀನುಗಳನ್ನು ಸೇರಿಸಿದ್ದರು. ಆ ರೋಗಿ ಎರಡು ತಿಂಗಳು ಬದುಕಿ ಮಾರ್ಚಿಯಲ್ಲಿ ತೀರಿಕೊಂಡ.

ನಮ್ಮ ಹಿರಿಯ ಮಾಸ್ತರರೊಬ್ಬರು ಆ ಪೇಪರನ್ನು ಎರಡು ಬೆರಳಿನಿಂದ ಹಿಡಿದು ದೂರ ಸರಿಸಿದರು. ಹಂದಿಯ ಸುದ್ದಿ ಮುಟ್ಟಿದರೂ ಮೈಲಿಗೆ ಅನ್ನುವ ಹಾಗೆ.

“ಬೆರಕಿ ಆತ್ರೀ ಇದು. ದೇವರು ಮಾಡಿದ್ದನ್ನ ದೇವರು ಮಾಡಿಟ್ಟಂಗ ಇಡಬೇಕು. ಮನಷ್ಯಾನ್ನ ಪಶು ಕೂಡ ಬೆರಸಿದ ಮ್ಯಾಲ ಮನಷ್ಯಾನ ಕುಲ ಏನ ಉಳೀತ್ರಿ?”

ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ವಿಜ್ಞಾನದ ಮಾಸ್ತರ ನಾನು, ಮಾತಾಡಬೇಕಾಗಿತ್ತು. ಆದರೆ ಆ ಒಂದು ಶಬ್ದ ನನ್ನ ಗಂಟಲು ಹಿಡಿದಿತ್ತು. 2019ರಲ್ಲಿ ನನ್ನ ತಂಗಿಯ ಮಗ ಮೇಲಿನ ಜಾತಿಯ ಹುಡುಗಿಯನ್ನು ರಿಜಿಸ್ಟರ್ ಮದುವೆ ಆದಾಗ ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು, ಇದೇ ಮಾಸ್ತರರು ಇದೇ ಶಬ್ದ ಆಡಿದ್ದರು. ನಾನು ಬಾಗಿಲಲ್ಲಿ ನಿಂತದ್ದನ್ನು ಅವರು ನೋಡಿರಲಿಲ್ಲ. “ಇನ್ನ ಬೆರಕಿ ಕೂಸು ಹುಟ್ಟತೈತಿ ನೋಡ್ರಿ” ಅಂದಿದ್ದರು. ನಾಲ್ಕು ಜನ ನಕ್ಕಿದ್ದರು. ಹುಡುಗ ಹುಡುಗಿ ಇಬ್ಬರೂ ಊರು ಬಿಟ್ಟು ಹೋದವರು ಎರಡು ವರ್ಷ ನಮಗೂ ವಿಳಾಸ ಕೊಡಲಿಲ್ಲ. ನಮ್ಮ ಮೇಲೆ ಅಪನಂಬಿಕೆ ಇತ್ತಂತಲ್ಲ. ನಮ್ಮನ್ನು ಹೊಡೆದು ಬಾಯಿ ಬಿಡಿಸಿಯಾರು ಎಂಬ ಹೆದರಿಕೆ. ನನ್ನ ತಂಗಿ ತನ್ನ ಮೊಮ್ಮಗಳ ಮುಖವನ್ನು ಮೊದಲು ನೋಡಿದ್ದು ಮೊಬೈಲಿನ ಗಾಜಿನಲ್ಲಿ.

ಆದ್ದರಿಂದ, ಗೆಳೆಯರೇ, ಹಂದಿಯ ಜೀನು ಮನುಷ್ಯನ ಜೀನು ಬೆರೆಸುವುದು ಸರಿಯೋ ತಪ್ಪೋ ಎಂಬ ಪ್ರಶ್ನೆ ನನಗೆ ಅಮೆರಿಕದ ಪ್ರಶ್ನೆಯಲ್ಲ. ನನ್ನ ಮನೆಯ ಪ್ರಶ್ನೆ.

ನಮ್ಮ ಕಡೆ ಬೆರಕಿ ಅಂದರೆ ಎರಡು ಅರ್ಥ. ಒಂದು, ಬೆರೆತದ್ದು, ಕಲಬೆರಕೆಯಾದದ್ದು. ಇನ್ನೊಂದು, ಚಾಲಾಕಿನವನು. ‘ಬಲೇ ಬೆರಕಿ ಅದಾನಲೇ ಅಂವಾ’ ಅಂತಾರೆ. ಜನರ ನಾಲಿಗೆಗೆ ಗೊತ್ತಿದೆ, ಬೆರೆತದ್ದು ಚುರುಕಾಗಿರುತ್ತದೆ ಎಂದು. ಶಾಸ್ತ್ರದವರ ನಾಲಿಗೆಗೆ ಗೊತ್ತಿಲ್ಲ. ಅವರಲ್ಲಿ ಇದಕ್ಕೆ ಸಂಕರ ಎಂಬ ಘನವಾದ ಸಂಸ್ಕೃತ ಶಬ್ದವಿದೆ. ಗೀತೆಯ ಮೊದಲನೇ ಅಧ್ಯಾಯದಲ್ಲಿ ಅರ್ಜುನ ಬಿಲ್ಲು ಕೆಳಗಿಡುವ ಮುಂಚೆ ವರ್ಣಸಂಕರದ ಹೆದರಿಕೆ ತೋಡಿಕೊಳ್ಳುತ್ತಾನೆ. ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಯಾರ ಹೊಟ್ಟೆಯಲ್ಲಿ ಯಾರಿಗೆ ಹುಟ್ಟಿದರೆ ಯಾವ ಹೀನ ಜಾತಿ ಎಂಬ ಲೆಕ್ಕವೇ ಲೆಕ್ಕ. ಬ್ರಾಹ್ಮಣ ಹೆಣ್ಣಿಗೆ ಶೂದ್ರನಿಂದ ಹುಟ್ಟಿದವನು ಚಂಡಾಲ. ಅಂದರೆ ನಮ್ಮನ್ನು ಊರ ಹೊರಗೆ ಇಟ್ಟದ್ದಕ್ಕೆ ಅವರು ಬರೆದಿಟ್ಟ ಕಾರಣವೇ ಬೆರಕೆ. ಈ ಲೆಕ್ಕದ ವಾರಸುದಾರರು ಇವತ್ತು ಜೀನುಗಳ ನೀತಿ ಹೇಳಲು ಬಂದರೆ ನಾನು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಬೇಕಾಗುತ್ತದೆ.

ಯಾಕೆಂದರೆ ಅದೇ ಸಂಕರ ಶಬ್ದ ಬೀಜದ ಚೀಲದ ಮೇಲೆ ಬಂದಾಗ ಇವರೇ ಕೈ ಮುಗಿದರು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಸಂಕರಣ ತಳಿ ತಂದರು. ಒಂದೇ ಕುಲದ ಎರಡು ಗಿಡಗಳಲ್ಲ, ಎರಡು ಕುಲಗಳದೇ ಲಗ್ನ. ಎಳೆ ಉದ್ದ, ಇಳುವರಿ ಜಾಸ್ತಿ. ಹೆಸರು ಲಕ್ಷ್ಮಿಯದು, ಹುಟ್ಟು ಬೆರಕೆಯದು. ಅದನ್ನು ಬಿತ್ತಿ ಮನೆ ಕಟ್ಟಿದವರು ಯಾರೂ ಬೆರಕೆ ಹತ್ತಿ ಎಂದು ಮುಖ ತಿರುಗಿಸಲಿಲ್ಲ. ಮೂಡಲಗಿಯ ದನದ ಸಂತೆಗೆ ಹೋಗಿ ನಿಂತು ನೋಡ್ರಿ. ‘ಕ್ರಾಸ್ ಐತ್ರೀ’ ಎಂದು ಮಾರುವವನು ಎದೆ ಉಬ್ಬಿಸಿ ಹೇಳುತ್ತಾನೆ, ಕೊಳ್ಳುವವನು ಅದಕ್ಕೆ ರೊಕ್ಕ ಜಾಸ್ತಿ ಎಣಿಸುತ್ತಾನೆ. ಜರ್ಸಿ ಹೋರಿ ಯಾವ ದೇಶದ್ದು, ಯಾವ ಗೋತ್ರದ್ದು ಅಂತ ಯಾರು ಕೇಳಿದರು? ಇನ್ನು ನಮ್ಮ ಸ್ಟಾಫ್ ರೂಮಿನ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಊದಿನಕಡ್ಡಿ ತಿನ್ನುವ ದೇವರಿಗೆ ಆನೆಯ ತಲೆ, ಮನುಷ್ಯನ ಮೈ. ಬೀಜದಲ್ಲಿ ಬೆರಕೆ ಆಗಬಹುದು, ದನದಲ್ಲಿ ಆಗಬಹುದು, ದೇವರಲ್ಲಿ ಆಗಬಹುದು. ಮನುಷ್ಯ ಮನುಷ್ಯ ಬೆರೆತರೆ ಮಾತ್ರ ಕೊಡಲಿ.

ನಾನು ಹುಟ್ಟಿದ್ದು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ಕೇರಿಯಲ್ಲಿ. ಊರಿನಲ್ಲಿ ದನ ಸತ್ತರೆ ಕರೆ ಬರುತ್ತಿದ್ದದ್ದು ನಮ್ಮ ಅಪ್ಪನಿಗೆ. ಎಳಕೊಂಡು ಹಳ್ಳದ ದಂಡೆಗೆ ಒಯ್ದು ತೊಗಲು ಬಿಚ್ಚುತ್ತಿದ್ದ. ಮಿಣಿ, ಬಾರು, ಚಪ್ಪಲಿ ಎಲ್ಲ ಅದರಿಂದ. ಕತ್ತಿ ಹಚ್ಚುವ ಮುಂಚೆ ಸತ್ತ ಎತ್ತಿನ ಹಣೆಯ ಮೇಲೆ ಒಂದು ಸಲ ಕೈ ಇಡುತ್ತಿದ್ದ. “ದುಡದ ಜೀವಾ ಐತಿ, ತಮ್ಮಾ” ಅನ್ನುತ್ತಿದ್ದ. ಮಂತ್ರ ಅಲ್ಲ ಅದು, ಮತ್ತೇನೂ ಹೇಳುತ್ತಿರಲಿಲ್ಲ. ಅಕ್ಷರ ಬಾರದ ಆ ಮನುಷ್ಯನಿಗೆ ದನದ ಒಡಲಿನೊಳಗೆ ಗೊತ್ತಿಲ್ಲದ ಜಾಗ ಇರಲಿಲ್ಲ. ಗುಂಡಿಗಿಗೆ ಎಷ್ಟು ಕೋಣೆ, ಯಾವ ನರ ಎಲ್ಲಿಗೆ ಹೋಗುತ್ತದೆ, ಹೊಟ್ಟೆಯ ಹಿಂದೆ ಅಡಗಿಕೊಂಡ ಮಾಸಲು ಮಾಂಸದ ಪಟ್ಟಿ ಯಾವುದು, ಎಲ್ಲ ಬೆರಳಿನ ತುದಿಯಲ್ಲಿ. ಆ ಪಟ್ಟಿಯ ಹೆಸರು ಮೇದೋಜೀರಕ ಗ್ರಂಥಿ ಎಂದು ನಾನು ಕಲಿತದ್ದು ಎಷ್ಟೋ ವರ್ಷದ ಮೇಲೆ, ಪುಸ್ತಕದಲ್ಲಿ.

ಪಿಯುಸಿಗೆ ಗೋಕಾಕಕ್ಕೆ ಬಂದು ಹಾಸ್ಟೆಲ್ ಸೇರಿದೆ. ನನ್ನ ಜೊತೆಗಿದ್ದ ಹುಡುಗರಲ್ಲಿ ಕೆಲವರ ತಂದೆಯವರು ಫಾಲ್ಸಿನ ಗಿರಣಿಯಲ್ಲಿ ದುಡಿಯುವವರು, ಕೆಲವರದು ಹೊಲ. ಪ್ರಾಕ್ಟಿಕಲ್ ದಿನ ಟ್ರೇಯಲ್ಲಿ ಆಡಿನ ಹೃದಯ ಬಂತು. ಕೊಯ್ದು ತೋರಿಸಬೇಕಾದವರು ಮೂಗಿಗೆ ಕರವಸ್ತ್ರ ಹಿಡಿದು ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ನಿಂತಿತು. “ಏಯ್, ನೀ ಬಾ. ನಿಮಗ ಇದು ರೂಢಿ ಇರತೈತೆಲಾ.”

ನಾನು ಹೋಗಿ ಕೊಯ್ದೆ. ನಾಲ್ಕೂ ಕೋಣೆ ಬಿಡಿಸಿ ತೋರಿಸಿದೆ. ಅಷ್ಟು ಚಂದ ಆ ಕಾಲೇಜಿನಲ್ಲಿ ಯಾರೂ ಕೊಯ್ದಿರಲಿಕ್ಕಿಲ್ಲ. ಅವಮಾನ ಆಯಿತೋ, ಹೆಮ್ಮೆ ಆಯಿತೋ ಇವತ್ತಿಗೂ ಬಗೆಹರಿದಿಲ್ಲ. ಅಪ್ಪನ ವಿದ್ಯೆಗೆ ಆ ಕೋಣೆಯಲ್ಲಿ ಬೆಲೆ ಬಂತು, ಅಪ್ಪನ ಜಾತಿಯ ಹೆಸರಿನಲ್ಲಿ ಬಂತು. ವಿಜ್ಞಾನಕ್ಕೂ ನಮಗೂ ಇರುವ ಸಂಬಂಧ ನನಗೆ ಅವತ್ತಿನಿಂದ ಹೀಗೆಯೇ ಕಂಡಿದೆ. ಹೊಲಸು ಮುಟ್ಟುವ ಕೆಲಸಕ್ಕೆ ನಮ್ಮ ಕೈ ಬೇಕು, ಬೋರ್ಡಿನ ಮೇಲೆ ಹೆಸರು ಬರೆಯುವಾಗ ಬೇರೆಯವರದು.

ಅವ್ವನ ಮಾತಿಗೆ ಬರುತ್ತೇನೆ. ಹಂಗಾಮಿನಲ್ಲಿ ಅವಳು ನಿಪ್ಪಾಣಿಯ ತಂಬಾಕು ವಖಾರಿಗೆ ದುಡಿಯಲು ಹೋಗುತ್ತಿದ್ದಳು. ಮೈತುಂಬ ತಂಬಾಕಿನ ಘಾಟು ಹೊತ್ತು ಬರುತ್ತಿದ್ದಳು. 1994ರಲ್ಲಿ ಅವಳಿಗೆ ಸಕ್ಕರಿ ಬ್ಯಾನಿ ಎಂದು ಗೊತ್ತಾಯಿತು. ಕಾಲಿನ ಗಾಯ ಮಾಯಲಿಲ್ಲ, ಗುಳಿಗೆಗೆ ಜಗ್ಗಲಿಲ್ಲ, ಇನ್ಸುಲಿನ್ ಸೂಜಿ ಹಾಕಲೇಬೇಕು ಅಂದರು. ನಮ್ಮ ಮನೆಯಲ್ಲಿ ಫ್ರಿಜ್ ಎಲ್ಲಿಯದು? ಗಡಿಗೆಯಲ್ಲಿ ಹಸಿ ಉಸುಕು ತುಂಬಿ ಅದರೊಳಗೆ ಬಾಟಲಿ ಇಟ್ಟೆವು. ದಿನಾ ಎರಡು ಸಲ ನಾನೇ ಚುಚ್ಚುತ್ತಿದ್ದೆ. ಒಂದು ದಿನ ಕೇಳಿದಳು.

“ತಮ್ಮಾ, ಇದರಾಗ ಏನೈತೋ?”

“ದನದ್ದು, ಹಂದೀದು ಹೊಟ್ಟ್ಯಾಗ ಒಂದು ಗ್ರಂಥಿ ಇರತೈತಿ ಅವ್ವಾ. ಅದರಿಂದ ತಗದ ರಸಾ.”

ಒಂದು ಗಳಿಗೆ ಸುಮ್ಮನಿದ್ದು ನಗಲಿಕ್ಕೆ ಹತ್ತಿದಳು. ಸೂಜಿ ಅಲುಗಾಡಿ ನಾನು ಗದರಬೇಕಾಯಿತು. “ಹಂಗಾರ ನಿಮ್ಮಪ್ಪಾ ಇಷ್ಟ ವರ್ಷ ಹಳ್ಳದ ದಂಡ್ಯಾಗ ಔಷಧಾ ಒಗದ ಬಂದಾನ ಅನ್ನು!”

ಇನ್ಸುಲಿನ್ ಕಥೆ ನಮ್ಮ ಹುಡುಗರಿಗೆ ನಾನು ಪ್ರತಿ ವರ್ಷ ಹೇಳುತ್ತೇನೆ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಅದನ್ನು ಹೊರತೆಗೆದರು. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಸೂಜಿ ಬಿತ್ತು. ಅಲ್ಲಿಂದ ಮುಂದೆ ಅರವತ್ತು ವರ್ಷ ಜಗತ್ತಿನ ಸಕ್ಕರೆ ರೋಗಿಗಳು ಬದುಕಿದ್ದು ಕಸಾಯಿಖಾನೆಯ ಋಣದಲ್ಲಿ. ಕಾಲು ಕಿಲೋಕ್ಕೂ ಕಮ್ಮಿ ಇನ್ಸುಲಿನ್ನಿಗೆ ಸುಮಾರು ಎರಡು ಟನ್ ಹಂದಿಯ ಅಂಗ ಬೇಕಾಗುತ್ತಿತ್ತು. ಇನ್ಸುಲಿನ್ ಎಂಬುದು 51 ಮಣಿಗಳ ಸರ ಅಂದುಕೊಳ್ಳಿರಿ. ಮನುಷ್ಯನ ಸರಕ್ಕೂ ಹಂದಿಯ ಸರಕ್ಕೂ ಒಂದೇ ಒಂದು ಮಣಿಯ ಫರಕು. ದನದ್ದಕ್ಕೆ ಮೂರು ಮಣಿ ಫರಕು. ಯಾವುದನ್ನು ಮಾತೆ ಎಂದು ಪೂಜಿಸುತ್ತಾರೋ ಅದಕ್ಕಿಂತ, ಯಾವುದನ್ನು ಕಂಡರೆ ಥೂ ಅನ್ನುತ್ತಾರೋ ಅದೇ ನಮಗೆ ಹತ್ತಿರದ ಬೀಗ.

ಬಾಬಾಸಾಹೇಬರಿಗೂ ಸಕ್ಕರೆ ರೋಗ ಇತ್ತು. ಸಂವಿಧಾನದ ಕೆಲಸದಲ್ಲಿ ಮೈ ಸವೆಸಿದ ಆ ವರ್ಷಗಳಲ್ಲಿ ಅವರಿಗೆ ನಿದ್ದೆ ಇರಲಿಲ್ಲ, ಕಾಲು ಸಿಡಿಯುತ್ತಿದ್ದವು, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಆ ಕಾಲದಲ್ಲಿ ದವಾಖಾನೆಯಲ್ಲಿ ಸಿಗುತ್ತಿದ್ದ ಇನ್ಸುಲಿನ್ ಒಂದೋ ದನದ್ದು, ಇಲ್ಲ ಹಂದಿಯದು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದ ಆ ಮನುಷ್ಯ, 1936ರಲ್ಲಿ ‘ಜಾತಿ ವಿನಾಶ’ ಬರೆದು ಶುದ್ಧ ರಕ್ತದ ಬುರುಡೆಯನ್ನು ಒಡೆದ ಆ ಮನುಷ್ಯ, ಈ ದೇಶಕ್ಕೆ ಸಂವಿಧಾನ ಕೊಡುವಾಗ ಅವನ ರಕ್ತದಲ್ಲಿ ಪಶುವಿನ ರಸ ಹರಿಯುತ್ತಿತ್ತು. ಇದನ್ನು ನೆನೆಸಿದಾಗೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಬೆರಕೆಯಿಂದ ಮನುಷ್ಯನ ಕುಲ ಹಾಳಾಗುತ್ತದೆ ಅನ್ನುವವರು ಇದಕ್ಕೆ ಉತ್ತರ ಕೊಡಲಿ.

1982ರಲ್ಲಿ ಅಮೆರಿಕದಲ್ಲಿ ಹೊಸ ಇನ್ಸುಲಿನ್ ಬಂತು. ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾದೊಳಗೆ ಕೂಡಿಸಿ, ಅದರ ಕೈಯಿಂದ ನೇಯಿಸಿದ್ದು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಒಂದು ಜಾತಿಯ ಯೀಸ್ಟಿನಲ್ಲಿ ಅದನ್ನು ಮಾಡಿ ಮಾರುಕಟ್ಟೆಗೆ ತಂದಿತು. ಮುಂದೆ ಅವ್ವನಿಗೂ ಡಾಕ್ಟರು ಮನುಷ್ಯ ಇನ್ಸುಲಿನ್ ಬರೆದುಕೊಟ್ಟರು. ಅವಳು 2011ರ ತನಕ ಬದುಕಿದಳು. ಹದಿನೇಳು ವರ್ಷ. ಅದರಲ್ಲಿ ದನ, ಹಂದಿ, ಯೀಸ್ಟು ಎಲ್ಲರ ಪಾಲೂ ಇದೆ.

ಇಲ್ಲಿತನಕ ಹೇಳಿದ್ದು ಸಲೀಸಾದ ಮಾತು. ಬೆರಕೆ ಪಾಪವಲ್ಲ, ಶುದ್ಧಿ ಎಂಬುದು ಸುಳ್ಳು ಎಂದು ಕೂಗಿ ನಾನು ಇಲ್ಲಿಗೇ ನಿಲ್ಲಿಸಿದರೆ ದೊಡ್ಡ ಕಂಪನಿಗಳ ತುತ್ತೂರಿಯಾಗಿಬಿಡುತ್ತೇನೆ. ಮಡಿವಂತರ ಪ್ರಶ್ನೆ ತಪ್ಪು ಎಂದಮಾತ್ರಕ್ಕೆ ಪ್ರಶ್ನೆಯೇ ಇಲ್ಲ ಎಂದಲ್ಲ. ನಮ್ಮ ಪ್ರಶ್ನೆ ಬೇರೆ ಇದೆ. ಅದನ್ನು ನನಗೆ ಕಲಿಸಿದವಳು ಅವ್ವನ ಹಾಗೆಯೇ ತಂಬಾಕಿನಲ್ಲಿ ಬೆಳೆದ ಇನ್ನೊಬ್ಬ ಹೆಣ್ಣುಮಗಳು.

ಅವಳ ಹೆಸರು ಹೆನ್ರಿಯೆಟ್ಟಾ ಲ್ಯಾಕ್ಸ್. ಕಪ್ಪು ಹೆಂಗಸು. ಅಮೆರಿಕದ ವರ್ಜೀನಿಯಾದಲ್ಲಿ, ಹಿಂದೆ ಗುಲಾಮರನ್ನು ಇಟ್ಟಿದ್ದ ಗುಡಿಸಲಿನಲ್ಲಿ ಬೆಳೆದು, ತಂಬಾಕಿನ ಹೊಲದಲ್ಲಿ ದುಡಿದವಳು. ಐದು ಮಕ್ಕಳ ತಾಯಿ. 1951ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಆಗಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು. ಕರಿಯರಿಗೆ ಅಲ್ಲಿ ಬೇರೆ ವಾರ್ಡು. ಅವಳ ಗಡ್ಡೆಯ ಒಂದು ಚೂರನ್ನು ಅವಳನ್ನು ಕೇಳದೆ ಕತ್ತರಿಸಿ ಲ್ಯಾಬಿಗೆ ಕೊಟ್ಟರು. ಅದೇ ವರ್ಷ ಅಕ್ಟೋಬರ್ 4ಕ್ಕೆ, 31ನೇ ವಯಸ್ಸಿಗೆ ಅವಳು ಸತ್ತಳು. ಅವಳ ಜೀವಕೋಶಗಳು ಸಾಯಲಿಲ್ಲ. ‘ಹೀಲಾ’ ಎಂಬ ಹೆಸರಿನಲ್ಲಿ ಇಡೀ ಜಗತ್ತಿನ ಲ್ಯಾಬುಗಳಲ್ಲಿ ಇವತ್ತಿಗೂ ಬೆಳೆಯುತ್ತಿವೆ.

ಈಗ ಕೇಳಿರಿ. 1965ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹ್ಯಾರಿಸ್ ಮತ್ತು ವಾಟ್ಕಿನ್ಸ್ ಎಂಬ ವಿಜ್ಞಾನಿಗಳು ಮನುಷ್ಯನ ಜೀವಕೋಶವನ್ನೂ ಇಲಿಯ ಜೀವಕೋಶವನ್ನೂ ಬೆಸೆದು ಒಂದು ಮಾಡಿದರು. ಒಂದೇ ಕೋಶದಲ್ಲಿ ಇಬ್ಬರ ಜೀನು. ಯಾವ ಜೀನು ಏನು ಕೆಲಸ ಮಾಡುತ್ತದೆ ಎಂದು ತಿಳಿಯಲು ಆ ಪ್ರಯೋಗದಿಂದ ದೊಡ್ಡ ದಾರಿ ತೆರೆಯಿತು. ಪತ್ರಿಕೆಗಳಲ್ಲಿ ಗದ್ದಲವೋ ಗದ್ದಲ. ಮನುಷ್ಯನೂ ಇಲಿಯೂ ಬೆರೆತರು, ಇನ್ನು ಇಲಿಮನುಷ್ಯರು ಹುಟ್ಟುತ್ತಾರೆ ಎಂಬ ಹೆದರಿಕೆ. ಆ ಮನುಷ್ಯನ ಕೋಶ ಯಾರದು? ಹೆನ್ರಿಯೆಟ್ಟಾಳದು. ಇಲಿ ಬೆರೆಯಿತು ಎಂದು ಊರೆಲ್ಲ ಕೂಗಿತು. ಆ ಹೆಂಗಸನ್ನು ಕೇಳಿದಿರೇನು ಎಂದು ಒಂದು ನಾಯಿ ಬೊಗಳಲಿಲ್ಲ. ಅವಳ ಗಂಡನಿಗೆ, ಮಕ್ಕಳಿಗೆ ಸಂಗತಿ ಗೊತ್ತಾದದ್ದು 1973ರಲ್ಲಿ. ಅವಳ ಕೋಶಗಳನ್ನು ಮಾರಿ ಲಾಭ ಮಾಡಿದ ಕಂಪನಿಯೊಂದು ಆ ಕುಟುಂಬದೊಂದಿಗೆ ರಾಜಿ ಮಾಡಿಕೊಂಡದ್ದು 2023ರಲ್ಲಿ.

ಮನುಷ್ಯ–ಪ್ರಾಣಿ ಜೀನುಗಳ ನೀತಿಯ ಬಗ್ಗೆ ನನಗಿರುವ ಮೊದಲ ಮಾತು ಇದು. ‘ಮನುಷ್ಯನ ಘನತೆಗೆ ಧಕ್ಕೆ’ ಎಂದು ಬಾಯಿ ಬಡಕೊಳ್ಳುವವರು ಯಾವ ಮನುಷ್ಯನ ಘನತೆ ಎಂದು ಹೇಳಬೇಕು. ಇಲಿಯ ಜೊತೆ ಬೆರೆತದ್ದಕ್ಕೆ ಹೆನ್ರಿಯೆಟ್ಟಾಳ ಘನತೆಗೆ ಧಕ್ಕೆ ಬರಲಿಲ್ಲ. ಕೇಳದೆ ಕತ್ತರಿಸಿದಾಗ ಬಂತು.

ಇದು ಅಮೆರಿಕದ ಕಥೆ ಎಂದು ತಳ್ಳಿಬಿಡಬೇಡಿರಿ. ಹೆನ್ರಿಯೆಟ್ಟಾಳನ್ನು ಕೊಂದ ಅದೇ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಮುಂದೆ ಬಂತು. ಒಳ್ಳೆಯ ಲಸಿಕೆ. ಅದರ ಅಧ್ಯಯನವೊಂದನ್ನು 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ನಡೆಸಿದರು. ಆದಿವಾಸಿ ಹಾಸ್ಟೆಲಿನ ಹುಡುಗಿಯರು. ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ತಾಯಿತಂದೆಯರ ಬದಲು ಹಾಸ್ಟೆಲ್ ವಾರ್ಡನ್ನರು ಸಹಿ ಹಾಕಿದರು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ನಾನೂ ಹಾಸ್ಟೆಲ್ ಹುಡುಗ. ನಮ್ಮ ವಾರ್ಡನ್ನರು ನಮ್ಮ ಪರವಾಗಿ ಏನೇನಕ್ಕೆ ಸಹಿ ಹಾಕಿದ್ದರೋ ಎಂದು ಆ ವರದಿ ಓದಿದ ರಾತ್ರಿ ಯೋಚನೆ ಬಂತು. ಮತ್ತೆ 1997ರಲ್ಲಿ, ಅಮೆರಿಕದವರಿಗಿಂತ ಕಾಲು ಶತಮಾನ ಮುಂಚೆ, ಗುವಾಹಟಿ ಹತ್ತಿರ ಡಾ. ಧನಿರಾಮ್ ಬರುವಾ ಒಬ್ಬ ರೋಗಿಗೆ ಹಂದಿಯ ಹೃದಯ ಹಾಕಿದರು. ಜೀನು ತಿದ್ದಿದ ಹಂದಿಯಲ್ಲ ಅದು. ಏಳು ದಿನಕ್ಕೆ ಆ ಮನುಷ್ಯ ಸತ್ತ, ಡಾಕ್ಟರು ನಲವತ್ತು ದಿನ ಜೈಲಿನಲ್ಲಿ ಇದ್ದರು. ಮುಂದೆ ಅವರು ಕಾಲಕ್ಕಿಂತ ಮುಂದಿದ್ದವರು ಎಂದು ಹೊಗಳಿದವರಿದ್ದಾರೆ. ಇರಬಹುದು. ಸತ್ತವನು ಮಾತ್ರ ಯಾವ ಕಾಲಕ್ಕೂ ಮುಂದೆ ಹೋಗಲಿಲ್ಲ.

ಆದರೂ ನಾನು ಹಂದಿಯ ಕಿಡ್ನಿ ಬೇಡ ಅನ್ನಲಾರೆ. ಯಾಕೆಂದರೆ ಈಗ ಬಡವರ ಕಿಡ್ನಿ ಹೋಗುತ್ತಿದೆ. ಚೆನ್ನೈನ ವಿಲ್ಲಿವಾಕ್ಕಂ ಎಂಬ ಬಡವರ ವಸತಿಗೆ ‘ಕಿಡ್ನಿವಾಕ್ಕಂ’ ಎಂದು ಅಡ್ಡಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಸಾಲಕ್ಕೆ ಕಿಡ್ನಿ ಮಾರಿದವರು ಅಲ್ಲಿ ಮನೆಮನೆಗೆ ಇದ್ದರು. 1994ರ ಅಂಗಾಂಗ ಕಸಿ ಕಾಯ್ದೆ ಬಂದದ್ದೇ ಈ ವ್ಯಾಪಾರ ತಡೆಯಲು, ವ್ಯಾಪಾರ ಪೂರಾ ನಿಲ್ಲಲಿಲ್ಲ. 2024ರ ಮಾರ್ಚಿಯಲ್ಲಿ ಬಾಸ್ಟನ್ನಿನಲ್ಲಿ 69 ಕಡೆ ಜೀನು ತಿದ್ದಿದ ಹಂದಿಯ ಕಿಡ್ನಿಯನ್ನು ಒಬ್ಬ ರೋಗಿಗೆ ಹಾಕಿದರು. ಅವನು ಎರಡು ತಿಂಗಳಿಗೆ ತೀರಿಕೊಂಡ, ಕಿಡ್ನಿ ಕೆಟ್ಟು ಸತ್ತದ್ದಕ್ಕೆ ಪುರಾವೆ ಇಲ್ಲ ಎಂದು ಡಾಕ್ಟರುಗಳು ಹೇಳಿದರು. ಈ ವಿದ್ಯೆ ಪಕ್ಕಾ ಆದ ದಿನ ಸಾಲಗಾರನ ಹೊಟ್ಟೆಯ ಮೇಲಿನ ಕತ್ತಿ ಹಂದಿಯ ಹೊಟ್ಟೆಗೆ ಹೋಗುತ್ತದೆ. ನನ್ನ ಜನಕ್ಕೆ ಅದು ಸಣ್ಣ ಬಿಡುಗಡೆಯಲ್ಲ.

ಹಂದಿಗೆ? ಇಲ್ಲಿ ನನ್ನ ಕಾಲು ತಡವರಿಸುತ್ತದೆ.

ಪ್ರಾಣಿ ದಯೆ ಎಂಬ ಮಾತು ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ. 2016ರ ಜುಲೈದಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ತೊಗಲು ಬಿಚ್ಚುತ್ತಿದ್ದ ನಮ್ಮ ಹುಡುಗರನ್ನು ಗಾಡಿಗೆ ಕಟ್ಟಿ ಬಡಿದವರೂ ಪ್ರಾಣಿ ದಯೆಯವರೇ. ನನ್ನ ಅಪ್ಪ ಮಾಡಿದ ಕೆಲಸವನ್ನೇ ಅವರು ಮಾಡುತ್ತಿದ್ದರು. ದನಗಳು ಕುಡಿಯುವ ಮಹಾಡಿನ ಕೆರೆಯ ನೀರನ್ನು ಮನುಷ್ಯರು ಮುಟ್ಟಬೇಕಾದರೆ 1927ರಲ್ಲಿ ಬಾಬಾಸಾಹೇಬರು ಹೋರಾಟ ಹೂಡಬೇಕಾಯಿತು. ಪಶುವಿಗಿಂತ ಕೆಳಗೆ ಇಟ್ಟವರ ಬಾಯಿಂದ ಪಶುವಿನ ಮೇಲಿನ ಕರುಣೆಯ ಪಾಠ ನಮಗೆ ಬೇಕಾಗಿಲ್ಲ. ಆದರೆ ಸತ್ತ ಎತ್ತಿನ ಹಣೆಯ ಮೇಲೆ ಕೈ ಇಟ್ಟ ಅಪ್ಪನ ಆ ಕೈ ಇದೆಯಲ್ಲ, ಅದು ನನ್ನನ್ನು ಬಿಡುವುದಿಲ್ಲ.

ಇವತ್ತು ಲ್ಯಾಬುಗಳಲ್ಲಿ ಮನುಷ್ಯನ ಜೀನು ಹೊತ್ತ ಇಲಿಗಳು ಸಾವಿರಗಟ್ಟಲೆ ಇವೆ. ಕೋವಿಡ್ ವೈರಸ್ ಮೊದಲು ಬಂದಾಗ ಸಾದಾ ಇಲಿಗೆ ಆ ರೋಗ ತಗಲುತ್ತಿರಲಿಲ್ಲ. ವೈರಸ್ ನಮ್ಮ ಕೋಶಕ್ಕೆ ನುಗ್ಗುವ ಬಾಗಿಲಿನ ಜೀನನ್ನು ಇಲಿಗೆ ಕೊಟ್ಟ ತಳಿಯೊಂದನ್ನು ಅಮೆರಿಕದ ಅಯೋವಾದಲ್ಲಿ 2007ರಷ್ಟು ಹಿಂದೆಯೇ ಮಾಡಿಟ್ಟಿದ್ದರು. ಆ ಇಲಿಗಳು ರೋಗ ಪಡೆದು ಸತ್ತವು, ಜಗತ್ತು ಔಷಧ ಲಸಿಕೆಗಳ ಪರೀಕ್ಷೆ ಮಾಡಿತು. ನಮ್ಮ ನೋವು ಅವಕ್ಕೆ ಬರಲಿ ಎಂದೇ ನಮ್ಮ ಜೀನನ್ನು ಅವಕ್ಕೆ ಕೊಟ್ಟದ್ದು. 2021ರ ಏಪ್ರಿಲ್‌ನಲ್ಲಿ ಇನ್ನೊಂದು ಹೆಜ್ಜೆಯ ಸುದ್ದಿ ಬಂತು. ಚೀನಾ, ಅಮೆರಿಕ, ಸ್ಪೇನಿನ ವಿಜ್ಞಾನಿಗಳು 132 ಕೋತಿ ಭ್ರೂಣಗಳಿಗೆ ತಲಾ 25 ಮನುಷ್ಯ ಕೋಶ ಸೇರಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಮೂರು ಭ್ರೂಣ 19 ದಿನದ ತನಕ ಉಳಿದವು. ಅಲ್ಲಿಗೆ ನಿಲ್ಲಿಸಿದರು. ಕೋತಿಯ ಹೊಟ್ಟೆಯಲ್ಲಿ ಇಡಲಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ನಿಯಮ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಜೈವಿಕ ತಂತ್ರಜ್ಞಾನ ಇಲಾಖೆಗಳು ಕೂಡಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೀಗಿದೆ: ಮನುಷ್ಯನ ಆಕರಕೋಶ ಸೇರಿಸಿದ ಪ್ರಾಣಿಯನ್ನು ಸಂತಾನಕ್ಕೆ ಬಿಡಬಾರದು. ಸರಿಯಾದ ನಿಯಮ. ಬುದ್ಧಿ ಅದನ್ನು ಒಪ್ಪುತ್ತದೆ. ಮಾಡಬೇಡಿ ಎಂದು ನಾನೂ ಹೇಳುತ್ತೇನೆ. ಆದರೆ ಅದನ್ನು ಓದುವಾಗ ಬೆನ್ನಹುರಿಯಲ್ಲಿ ತಣ್ಣಗೆ ಏನೋ ಹರಿಯಿತು. ಹುಟ್ಟುವ ಮುಂಚೆಯೇ ಅದರ ಕೆಲಸ ಗೊತ್ತುಮಾಡಿದ್ದಾರೆ. ಅದರ ಮೈ ಅದರದಲ್ಲ. ಅದು ಯಾರ ಜೊತೆ ಕೂಡಬಾರದು ಎಂದು ಬರೆದಿಟ್ಟಿದ್ದಾರೆ. ಅದರ ವಾಸ ಬೇರೆ, ಅದನ್ನು ಮುಟ್ಟುವವರು ಕೈಗವಸು ಹಾಕಿ ಮುಟ್ಟುತ್ತಾರೆ. ಈ ಬದುಕನ್ನು ನಾನು ಎಲ್ಲೋ ನೋಡಿದ್ದೇನೆ.

ಇಲಿ ದಲಿತ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅಪ್ಪನಿಗೂ ಅವಮಾನ. ನಾನು ಹೇಳುವುದು ಇಷ್ಟು: ಇಲಿಗೆ ಮನುಷ್ಯನ ಒಂದು ಜೀನು ಕೊಟ್ಟರೆ ಅದು ಮನುಷ್ಯ ಆಗುವುದಿಲ್ಲ, ಯೀಸ್ಟಿಗೆ ಕೊಟ್ಟರೂ ಆಗುವುದಿಲ್ಲ. ಆದರೆ ಮೆದುಳಿಗೆ ಕೈ ಹಾಕಿದ ದಿನ, ನೋವನ್ನು ನಮ್ಮ ಹಾಗೆ ಅರಿಯುವ, ಹೆದರಿಕೆಯನ್ನು ನಮ್ಮ ಹಾಗೆ ನೆನಪಿಡುವ ಒಂದು ಜೀವವನ್ನು ಮಾಡಿ, ಅದನ್ನು ಕಂಪನಿಯ ಆಸ್ತಿ ಎಂದು ಪಂಜರಕ್ಕೆ ಹಾಕಿದ ದಿನ, ನಾವು ಹೊಸದೊಂದು ಕೇರಿ ಕಟ್ಟಿದಂತೆ. ಮಡಿವಂತ ಹೆದರುವುದು ಆ ಜೀವ ತನ್ನ ಹಾಗೆ ಇದ್ದೀತು ಎಂದು. ನಾನು ಹೆದರುವುದು ಅದು ನಮ್ಮ ಹಾಗೆ ಇದ್ದೂ ಅದನ್ನು ಊರ ಹೊರಗೆ ಇಟ್ಟಾರು ಎಂದು. ಅದೃಷ್ಟಕ್ಕೆ ನಮ್ಮ ಪೇಟೆಂಟ್ ಕಾಯ್ದೆ ಪ್ರಾಣಿಗಳ ಮೇಲೆ ಒಡೆತನದ ಪೇಟೆಂಟ್ ಕೊಡುವುದಿಲ್ಲ. 1998ರಲ್ಲಿ ಬಿ.ಟಿ. ಹತ್ತಿಯ ಪ್ರಯೋಗದ ಹೊಲಗಳಿಗೆ ನಮ್ಮ ರೈತ ಸಂಘದವರು ಬೆಂಕಿ ಹಚ್ಚಿದಾಗ ಕೇಳಿದ ಬೀಜ ಯಾರದು ಎಂಬ ಪ್ರಶ್ನೆ, ನಾಳೆ ಹಂದಿ ಯಾರದು, ಅದರ ಕಿಡ್ನಿಗೆ ಎಷ್ಟು, ಯಾರಿಗೆ ಎಂದು ಬಂದೇ ಬರುತ್ತದೆ. ಆಗ ಕೇಳಲು ನಾವು ಆ ಕೋಣೆಯ ಒಳಗೆ ಇರಬೇಕು. ಟ್ರೇ ಹಿಡಿಯಲಿಕ್ಕಲ್ಲ.

ಕಳೆದ ವರ್ಷ ಆ ಹಿರಿಯ ಮಾಸ್ತರರಿಗೂ ಇನ್ಸುಲಿನ್ ಶುರುವಾಯಿತು. ಒಂದು ದಿನ ಊಟದ ಬಿಡುವಿನಲ್ಲಿ ನನ್ನನ್ನು ಮೂಲೆಗೆ ಕರೆದರು. ಕಿಸೆಯಿಂದ ಪೆನ್ನಿನಂಥ ಸೂಜಿ ತೆಗೆದರು. ದನಿ ಸಣ್ಣ ಮಾಡಿದರು.

“ಸರ, ನೀವು ಸಾಯನ್ಸಿನವರು. ಖರೆ ಹೇಳ್ರಿ. ಇದು ಹಂದೀದಲ್ಲಲಾ?”

“ಅಲ್ಲರೀ ಸರ. ಈಗ ಹಂದೀದು ಬರೂದು ಭಾಳ ಕಮ್ಮಿ. ಇದು ಮನಷ್ಯಾನ ಜೀನು. ಸೂಕ್ಷ್ಮಜೀವಿ ಒಳಗ ಕೂಡಿಸಿ ಮಾಡಿದ್ದು.”

ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಸೂಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಕೇಳಿದರು.

“ಮನಷ್ಯಾಂದು ಅಂದ್ರ… ಯಾವ ಮನಷ್ಯಾಂದ್ರಿ?”

ನಾನು ಅವರ ಮುಖ ನೋಡಿದೆ. ಹೆನ್ರಿಯೆಟ್ಟಾಳ ವಿಷಯದಲ್ಲಿ ಜಗತ್ತು ಕೇಳಬೇಕಾಗಿದ್ದ ಪ್ರಶ್ನೆಯೇ ಅದು, ಶಬ್ದ ಶಬ್ದವೂ ಅದೇ. ಅವರು ಕೇಳಿದ್ದು ಬೇರೆ.

“ಯಾರ ಮೈಯಿಂದಾನೂ ತಗೊಂಡದ್ದಲ್ಲರೀ ಸರ” ಅಂದೆ. “1978ರಾಗ ಮೊದಲ ಸಲ ಮಾಡಿದಾಗ ಆ ಜೀನನ್ನ ಲ್ಯಾಬಿನಾಗ ರಸಾಯನ ಜೋಡಿಸಿ ಮಾಡಿದ್ರು. ಅಚ್ಚಿನ ಮೊಳಿ ಜೋಡಿಸಿ ಪುಸ್ತಕಾ ಮಾಡತಾರಲ್ಲ, ಹಂಗ.”

ಅವರು ನಿಟ್ಟುಸಿರು ಬಿಟ್ಟರು. ಅಂಗಿ ಸರಿಸಿ, ಗಣಪತಿಯ ಕ್ಯಾಲೆಂಡರಿಗೆ ಬೆನ್ನು ಹಾಕಿ ಹೊಟ್ಟೆಗೆ ಚುಚ್ಚಿಕೊಂಡರು. ಕೈ ನಡುಗುತ್ತಿತ್ತು. ಸೂಜಿ ಓರೆಯಾಗಿ ಹೋಗುತ್ತಿತ್ತು. ನಾನು ಅವರ ಕೈ ಹಿಡಿದು ನೆಟ್ಟಗೆ ಮಾಡಿದೆ. ಅವ್ವನಿಗೆ ಹದಿನೇಳು ವರ್ಷ ಚುಚ್ಚಿದ ರೂಢಿ ಇತ್ತು.